ಮಪೆಟ್ ರಂಗದಲ್ಲಿ ಯಾರಿಗೆ ಎಷ್ಟು ಜಾಗ?

ಕಿಟಕಿಯಾಚೆ ನೋಡುತ್ತಾ ಚಹಾ ಹೀರುವ ಹಸಿರು ಕಪ್ಪೆಯ ಚಿತ್ರವೊಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಲು ಶುರುವಾಗಿ ಹತ್ತು ವರ್ಷಕ್ಕೂ ಮೇಲಾಯಿತು. 'ನಮಗ್ಯಾಕೆ ಊರ ಉಸಾಬರಿ' ಎನ್ನಬೇಕಾದ ಕಡೆಯಲ್ಲೆಲ್ಲ ಜನ ಅದನ್ನು ಕಳಿಸುತ್ತಾರೆ. ಆ ಕಪ್ಪೆಯ ಹೆಸರು ಕರ್ಮಿಟ್. ಅವನು ಅಮೆರಿಕದ ಮಪೆಟ್ ಗೊಂಬೆ ಬಳಗದ ಯಜಮಾನ. ಅವನ ಬೆನ್ನಿಗೆ ದೊಡ್ಡ ಸಂಸಾರವೇ ಇದೆ: ತನ್ನನ್ನು ಮೀರಿಸುವ ತಾರೆ ಇಲ್ಲವೆಂದು ನಂಬಿರುವ ಹಂದಿ ಮಿಸ್ ಪಿಗ್ಗಿ, ನಗಿಸಲು ಹೋಗಿ ಸೋಲುವ ಕರಡಿ ಫಾಜಿ, ಫಿರಂಗಿಯೊಳಗೆ ಕೂತು ಹಾರುವ ವಿಚಿತ್ರ ಜೀವಿ ಗಾನ್ಜೊ, ಪಿಯಾನೊ ನುಡಿಸುವ ನಾಯಿ ರೌಲ್ಫ್, ಡ್ರಮ್ ಬಡಿಯುವ ಕಾಡುಜೀವಿ ಅನಿಮಲ್, ರಂಗದ ಪಕ್ಕದ ಬಾಕ್ಸಿನಲ್ಲಿ ಕೂತು ಎಲ್ಲರನ್ನೂ ಹೀಯಾಳಿಸುವ ಇಬ್ಬರು ಮುದುಕರು.

ಈ ಬಳಗವನ್ನು ಪ್ರೀತಿಸುವವರು ನಾಲ್ಕು ಜನ ಸೇರಿದರೆ ಒಂದು ತಕರಾರು ತಪ್ಪಿದ್ದಲ್ಲ. ಪಿಗ್ಗಿಗೆ ಜಾಗ ಹೆಚ್ಚಾಯಿತೇ? ಫಾಜಿಯನ್ನು ಯಾಕೆ ಮೂಲೆಗೆ ತಳ್ಳಿದರು? ನಿನ್ನೆ ಮೊನ್ನೆ ಬಂದ ಪಾತ್ರಕ್ಕೆ ಇಡೀ ಸಿನಿಮಾ ಕೊಟ್ಟು, ರೌಲ್ಫ್‌ನಂಥ ಹಿರಿಯನಿಗೆ ಎರಡು ಮಾತನ್ನೂ ಕೊಡದಿದ್ದರೆ ಹೇಗೆ? ಹೊರಗಿನಿಂದ ನೋಡುವವರಿಗೆ ಇದು ಬಟ್ಟೆ ಗೊಂಬೆಗಳಿಗಾಗಿ ದೊಡ್ಡವರು ಆಡುವ ಜಗಳ. ಆದರೆ ಎಪ್ಪತ್ತು ವರ್ಷದ ಇತಿಹಾಸವನ್ನು ಬಿಡಿಸಿ ನೋಡಿದರೆ ಈ ಜಗಳದಲ್ಲಿ ಗಟ್ಟಿಯಾದ ಪ್ರಶ್ನೆಯೊಂದಿದೆ. ಒಂದು ಪಾತ್ರವನ್ನು ದೊಡ್ಡದು ಮಾಡುವವರು ಯಾರು? ಬರೆಯುವವರೇ, ಆಡಿಸುವವರೇ, ದುಡ್ಡು ಹಾಕುವವರೇ, ನೋಡುವವರೇ? ಮಪೆಟ್ ಬಳಗದ ಕತೆ ಇದಕ್ಕೆ ಕೊಡುವ ಉತ್ತರ ಗೊಂಬೆಯಾಟಕ್ಕಷ್ಟೇ ಅಲ್ಲ, ಯಾವುದೇ ದೊಡ್ಡ ಬಳಗದ ಕತೆಗೂ ಬೇಕಾದದ್ದು.

ಹೆಸರು ಸ್ಯಾಮ್‌ನದು, ಹಣೆಬರಹ ಕಪ್ಪೆಯದು

1955ರಲ್ಲಿ ವಾಷಿಂಗ್ಟನ್ ನಗರದ ಟಿವಿ ಕೇಂದ್ರವೊಂದರಲ್ಲಿ ಐದು ನಿಮಿಷದ ಗೊಂಬೆ ಕಾರ್ಯಕ್ರಮ ಶುರುವಾಯಿತು. ಅದನ್ನು ಮಾಡಿದವನು ಜಿಮ್ ಹೆನ್ಸನ್. ಆಗಿನ್ನೂ ಕಾಲೇಜು ಹುಡುಗ. ಜೊತೆಗಿದ್ದವಳು ಸಹಪಾಠಿ ಜೇನ್ ನೆಬೆಲ್, ಮುಂದೆ ಅವನ ಹೆಂಡತಿಯಾದವಳು. ಕಾರ್ಯಕ್ರಮದ ಹೆಸರು 'ಸ್ಯಾಮ್ ಅಂಡ್ ಫ್ರೆಂಡ್ಸ್'. ಸ್ಯಾಮ್ ಎಂಬ ಬೋಳುತಲೆಯ, ದೊಡ್ಡ ಕಿವಿಯ ಮನುಷ್ಯ ಗೊಂಬೆಯೇ ಅದರ ನಾಯಕ. ಉಳಿದವರು ಅವನ ಗೆಳೆಯರು. ಆ ಗೆಳೆಯರಲ್ಲಿ ಒಬ್ಬ ಕರ್ಮಿಟ್.

ಅಮ್ಮ ಹಾಕಿಕೊಂಡು ಬಿಟ್ಟಿದ್ದ ಹಳೆಯ ಕೋಟಿನ ಬಟ್ಟೆಯನ್ನು ಕತ್ತರಿಸಿ, ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಕಣ್ಣಿಗಿಟ್ಟು ಹೆನ್ಸನ್ ಅವನನ್ನು ಹೊಲಿದಿದ್ದ. ಆಗ ಕರ್ಮಿಟ್ ಕಪ್ಪೆಯೂ ಆಗಿರಲಿಲ್ಲ. ಹಲ್ಲಿಯಂತೆ ಕಾಣುವ, ಇಂಥದ್ದೆಂದು ಹೇಳಲಾಗದ ಪ್ರಾಣಿ. ಕುತ್ತಿಗೆಗೆ ಚೂಪು ತುದಿಗಳ ಪಟ್ಟಿ ಬಂದದ್ದು, ಕಪ್ಪೆಯೆಂದು ಹೆಸರಾದದ್ದು 1960ರ ದಶಕದ ಕೊನೆಗೆ. ಮೊದಲ ಕರ್ಮಿಟ್ ಈಗ ಅಮೆರಿಕದ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದ್ದಾನೆ. 2010ರಲ್ಲಿ ಆ ಕಾರ್ಯಕ್ರಮದ ಹತ್ತು ಗೊಂಬೆಗಳನ್ನು ಜೇನ್ ಹೆನ್ಸನ್ ಅಲ್ಲಿಗೆ ಕೊಟ್ಟರು. ಕಾರ್ಯಕ್ರಮಕ್ಕೆ ತನ್ನ ಹೆಸರನ್ನೇ ಕೊಟ್ಟ ಸ್ಯಾಮ್‌ನನ್ನು ಇವತ್ತು ಗುರುತಿಸುವವರು ಕಟ್ಟಾ ಅಭಿಮಾನಿಗಳು ಮಾತ್ರ.

ದೇಶಕ್ಕೆಲ್ಲ ಪರಿಚಿತನಾದ ಮೊದಲ ಮಪೆಟ್ ಕೂಡ ಕರ್ಮಿಟ್ ಅಲ್ಲ. ಆ ಮರ್ಯಾದೆ ರೌಲ್ಫ್‌ಗೆ ಸಲ್ಲಬೇಕು. 1962ರಲ್ಲಿ ನಾಯಿ ಆಹಾರದ ಜಾಹೀರಾತಿಗೆಂದು ಹುಟ್ಟಿದ ಈ ನಾಯಿ, ಮರುವರ್ಷದಿಂದ 1966ರವರೆಗೆ ಗಾಯಕ ಜಿಮ್ಮಿ ಡೀನ್ ನಡೆಸುತ್ತಿದ್ದ ಟಿವಿ ಕಾರ್ಯಕ್ರಮದಲ್ಲಿ ಕಾಯಂ ಆಗಿ ಕಾಣಿಸಿಕೊಂಡ. ಡೀನ್ ಜೊತೆ ಹಾಡಿದ, ಹರಟಿದ. ಹತ್ತೊಂಬತ್ತರ ಹುಡುಗ ಫ್ರ್ಯಾಂಕ್ ಆಜ್ 1963ರಲ್ಲಿ ಹೆನ್ಸನ್ ಜೊತೆ ಸೇರಿದಾಗ ಸಿಕ್ಕ ಕೆಲಸವೂ ಇದೇ ನಾಯಿಯದು: ತಲೆ, ದನಿ ಹೆನ್ಸನ್‌ರದ್ದು, ಬಲಗೈ ಆಜ್‌ನದು. ಮುಂದೆ ಮಿಸ್ ಪಿಗ್ಗಿಯನ್ನು ಜಗತ್ತಿಗೆ ಕೊಟ್ಟ ಕಲಾವಿದ ಮೊದಲು ಮಾಡಿದ್ದು ಒಂದು ನಾಯಿಯ ಬಲಗೈ ಆಡಿಸುವ ಕೆಲಸ.

ಮೇಳದ ಹಂದಿ ರಾಣಿಯಾದದ್ದು

ಸ್ವಂತದ್ದೊಂದು ಕಾರ್ಯಕ್ರಮ ಬೇಕೆಂಬ ಹೆನ್ಸನ್ ಆಸೆಗೆ ಅಮೆರಿಕದ ದೊಡ್ಡ ಚಾನೆಲ್‌ಗಳು ಸೊಪ್ಪು ಹಾಕಲಿಲ್ಲ. ಮಾದರಿಗೆಂದು ಮಾಡಿದ ಎರಡು ವಿಶೇಷ ಕಾರ್ಯಕ್ರಮಗಳಲ್ಲೂ ಕರ್ಮಿಟ್ ನಿರೂಪಕನಾಗಿರಲಿಲ್ಲ. 1974ರದ್ದರಲ್ಲಿ ವಾಲಿ ಎಂಬವನು, 1975ರದ್ದರಲ್ಲಿ ನೈಜೆಲ್ ಎಂಬವನು ಮುಂದೆ ನಿಂತಿದ್ದರು. ಇಬ್ಬರೂ ನಿಲ್ಲಲಿಲ್ಲ. ಕೊನೆಗೆ ಬ್ರಿಟನ್ನಿನ ಲ್ಯೂ ಗ್ರೇಡ್ ದುಡ್ಡು ಹಾಕಿ, ಲಂಡನ್ ಬಳಿಯ ಎಲ್‌ಸ್ಟ್ರೀ ಸ್ಟುಡಿಯೊದಲ್ಲಿ 1976ರಲ್ಲಿ 'ದಿ ಮಪೆಟ್ ಶೋ' ಶುರುವಾದಾಗ ನಡುವಿನ ಜಾಗಕ್ಕೆ ಬಂದವನು ಕರ್ಮಿಟ್. 1981ರವರೆಗೆ ಐದು ಸರಣಿ, 120 ಕಂತು, ನೂರಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರ.

ಶುರುವಾದಾಗ ಮಿಸ್ ಪಿಗ್ಗಿಗೆ ಅದರಲ್ಲಿ ದೊಡ್ಡ ಪಾತ್ರವೇನೂ ಇರಲಿಲ್ಲ. ಬಾನಿ ಎರಿಕ್ಸನ್ 1974ರಲ್ಲಿ ರೂಪಿಸಿದ್ದ ಗೊಂಬೆ ಅದು. ಹಿಮ್ಮೇಳದಲ್ಲಿ ಹಾಡುವ ಹಂದಿಗಳ ಸಾಲಿನಲ್ಲಿ ಅವಳೂ ಒಬ್ಬಳು. ಅವಳನ್ನು ಆಡಿಸುವ ಕೈಯೂ ಗೊತ್ತಾಗಿರಲಿಲ್ಲ. ಕೆಲವು ಕಂತುಗಳಲ್ಲಿ ರಿಚರ್ಡ್ ಹಂಟ್, ಕೆಲವುಗಳಲ್ಲಿ ಫ್ರ್ಯಾಂಕ್ ಆಜ್. ಒಂದು ದೃಶ್ಯದಲ್ಲಿ ಪಿಗ್ಗಿ ಕರ್ಮಿಟ್‌ನ ಕಪಾಳಕ್ಕೆ ಹೊಡೆಯಬೇಕೆಂದು ಬರೆದಿತ್ತು. ಅಭ್ಯಾಸದ ವೇಳೆ ಆಜ್ ಕಪಾಳಮೋಕ್ಷ ಬಿಟ್ಟು, ಇದ್ದಕ್ಕಿದ್ದಂತೆ ಕರಾಟೆ ಏಟು ಹಾಕಿಸಿದ. ಅಲ್ಲಿದ್ದವರೆಲ್ಲ ನಕ್ಕರು. ಮೇಲೆ ಒನಪು ವಯ್ಯಾರ, ಒಳಗೆ ಯಾವ ಕ್ಷಣಕ್ಕಾದರೂ ಸಿಡಿಯುವ ಸಿಟ್ಟು: ಪಾತ್ರದ ತಿರುಳು ಆ ಒಂದು ಏಟಿನಲ್ಲಿ ಸಿಕ್ಕಿಬಿಟ್ಟಿತು. ಅಲ್ಲಿಂದ ಪಿಗ್ಗಿ ಆಜ್‌ನ ಕೈಗೆ ಸೇರಿದಳು, ಮೇಳ ಬಿಟ್ಟು ಮುಂದೆ ಬಂದಳು. 1982ರ ಹೊತ್ತಿಗೆ ಅವಳ ಹೆಸರಿನಲ್ಲೇ ಟಿವಿ ವಿಶೇಷ ಬಂತು. 2015ರಲ್ಲಿ ಬ್ರೂಕ್ಲಿನ್ ವಸ್ತುಸಂಗ್ರಹಾಲಯದ ಸ್ತ್ರೀವಾದಿ ಕಲಾ ಕೇಂದ್ರ ಅವಳಿಗೆ ಪ್ರಶಸ್ತಿ ಕೊಟ್ಟಿತು. ಕೊಟ್ಟವರು ಸ್ತ್ರೀವಾದಿ ಲೇಖಕಿ ಗ್ಲೋರಿಯಾ ಸ್ಟೈನಮ್.

ಗಾನ್ಜೊ ಮುಂದೆ ಬಂದದ್ದು ಇನ್ನೂ ನಿಧಾನವಾಗಿ. 1970ರ ಕ್ರಿಸ್‌ಮಸ್ ಕಾರ್ಯಕ್ರಮಕ್ಕೆಂದು ಮಾಡಿ ಪೆಟ್ಟಿಗೆಗೆ ಹಾಕಿದ್ದ ಗೊಂಬೆಯೊಂದನ್ನು ಹೊರತೆಗೆದು ಡೇವ್ ಗೋಲ್ಜ್ ಎಂಬ ಹೊಸಬನ ಕೈಗೆ ಕೊಟ್ಟಿದ್ದರು. ಅದರ ಕಣ್ಣು ಸದಾ ಅರೆಮುಚ್ಚಿ ಜೋತು ಬಿದ್ದಿತ್ತು. ಗೋಲ್ಜ್‌ಗೂ ಆಗ ತನ್ನ ಕೆಲಸದ ಮೇಲೆ ಧೈರ್ಯ ಸಾಲದು. ಹಾಗಾಗಿ ಮೊದಲ ಸರಣಿಯ ಗಾನ್ಜೊ ಸೋತವನಂತೆ, ಅಳುಮುಂಜಿಯಂತೆ ಕಾಣುತ್ತಾನೆ. ಎರಡನೆಯ ಸರಣಿಗೆ ಗೊಂಬೆಯನ್ನು ಹೊಸದಾಗಿ ಕಟ್ಟುವಾಗ ರೆಪ್ಪೆ ತೆರೆದು ಮುಚ್ಚುವ ಯಂತ್ರವನ್ನು ಅಳವಡಿಸಿದರು. ಈಗ ಅವನು ಕಣ್ಣರಳಿಸಬಲ್ಲ. ಬೆರಳ ತುದಿಯ ಆ ಒಂದು ಚಲನೆಯಿಂದ ದುಃಖದ ಜೀವಿ ಉತ್ಸಾಹದ ಹುಚ್ಚನಾದ. ಹದಿನೈದು ವರ್ಷದ ನಂತರ ಇಡೀ ಬಳಗವನ್ನು ಹೊತ್ತು ನಡೆಯಬೇಕಾಗಿ ಬಂದದ್ದೂ ಅವನಿಗೇ.

ನಡುವೆ ನಿಂತ ಕಪ್ಪೆ, ಮೆರೆಯುವ ಹಂದಿ, ಹಾರುವ ಹುಚ್ಚ: ಮೂವರೂ ಪಕ್ಕದ ಸಾಲಿನಿಂದ ಎದ್ದು ಬಂದವರು. ಪ್ರಾಮುಖ್ಯದ ಬಗ್ಗೆ ವಾದಿಸುವವರೆಲ್ಲ ಮೊದಲು ನೆನಪಿಡಬೇಕಾದ್ದು ಇದು.

ಕೈಗಳ ಲೆಕ್ಕ

ಮಪೆಟ್ ಕಲಾವಿದರು ಎತ್ತರಕ್ಕೆ ಕಟ್ಟಿದ ರಂಗದ ಕೆಳಗೆ ನಿಂತು, ಒಂದು ಕೈಯನ್ನು ತಲೆಯ ಮೇಲೆ ಚಾಚಿ ಗೊಂಬೆಯ ಬಾಯಿ ಆಡಿಸುತ್ತಾರೆ. ಕಣ್ಣು ಮಾತ್ರ ನೆಲದಲ್ಲಿಟ್ಟ ಪುಟ್ಟ ಟಿವಿ ಪರದೆಯ ಮೇಲೆ. ಮನೆಯಲ್ಲಿ ಕೂತ ಪ್ರೇಕ್ಷಕರು ನೋಡುವುದನ್ನೇ ಅವರೂ ನೋಡುತ್ತಾ, ಅದೇ ಹೊತ್ತಿಗೆ ದನಿಯನ್ನೂ ಕೊಡುತ್ತಾರೆ. ಕರ್ಮಿಟ್‌ನ ಕೈಗಳನ್ನು ತೆಳ್ಳನೆಯ ಕಡ್ಡಿಗಳಿಂದ ಒಬ್ಬರೇ ನಡೆಸಬಹುದು. ಫಾಜಿಗೆ, ರೌಲ್ಫ್‌ಗೆ ನಿಜವಾದ ಕೈ ಬೇಕು. ಎಡಗೈ ಒಬ್ಬರದು, ಬಲಗೈ ಇನ್ನೊಬ್ಬರದು. ಸ್ವೀಡಿಷ್ ಬಾಣಸಿಗನಿಗಂತೂ ತಲೆ ಹೆನ್ಸನ್‌ರದು, ಎರಡೂ ಕೈ ಆಜ್‌ನವು. ತಲೆ ಯೋಚಿಸಿರದ ಯಾವುದೋ ಪಾತ್ರೆಯನ್ನು ಕೈ ಎತ್ತಿಕೊಂಡರೆ ತಲೆ ಅದಕ್ಕೆ ತಕ್ಕಂತೆ ಮಾತಾಡಬೇಕು. ಆ ಅಡುಗೆಮನೆಯ ನಗು ಹುಟ್ಟುವುದೇ ಈ ಎಳೆದಾಟದಿಂದ.

ಈಗ ಲೆಕ್ಕ ನೋಡಿ. ಹೆನ್ಸನ್ ಪಾಲಿಗೆ ಕರ್ಮಿಟ್, ರೌಲ್ಫ್, ಡಾ. ಟೀತ್, ಮುದುಕ ವಾಲ್ಡಾರ್ಫ್. ಆಜ್ ಪಾಲಿಗೆ ಪಿಗ್ಗಿ, ಫಾಜಿ, ಅನಿಮಲ್, ಸ್ಯಾಮ್ ಎಂಬ ಹದ್ದು. ಹಂಟ್ ಪಾಲಿಗೆ ಸ್ಕೂಟರ್, ಜ್ಯಾನಿಸ್, ಬೀಕರ್, ಇನ್ನೊಬ್ಬ ಮುದುಕ ಸ್ಟ್ಯಾಟ್ಲರ್. ಒಬ್ಬರದೇ ಎರಡು ಪಾತ್ರಗಳು ಎದುರುಬದುರು ನಿಂತು ಮಾತಾಡಬೇಕಾದರೆ ಒಂದನ್ನು ಬೇರೆಯವರ ಕೈಗೆ ಕೊಡಬೇಕು, ದನಿಯನ್ನು ಬೇರೆಯಾಗಿ ಸೇರಿಸಬೇಕು. ಆಗ ಇಬ್ಬರು ಕಲಾವಿದರ ನಡುವೆ ಆ ಕ್ಷಣದಲ್ಲಿ ಹುಟ್ಟುವ ಕಿಡಿ ಸಿಗುವುದಿಲ್ಲ. ಆದ್ದರಿಂದಲೇ ಕರ್ಮಿಟ್ ಜೊತೆಗೆ ಪಿಗ್ಗಿ, ಕರ್ಮಿಟ್ ಜೊತೆಗೆ ಫಾಜಿ, ಸ್ಟ್ಯಾಟ್ಲರ್ ಜೊತೆಗೆ ವಾಲ್ಡಾರ್ಫ್ ಸಹಜವಾಗಿ ಕೂಡಿಬಂದರು. ಪಶುವೈದ್ಯರ ಆಸ್ಪತ್ರೆಯ ಪ್ರಹಸನದಲ್ಲಿ ರೌಲ್ಫ್, ಪಿಗ್ಗಿ, ಜ್ಯಾನಿಸ್ ಇದ್ದಾರೆ: ಮೂರು ಪಾತ್ರ, ಮೂವರು ಕಲಾವಿದರು. ಪಿಗ್ಗಿಯೂ ಫಾಜಿಯೂ ಇಬ್ಬರೇ ಕೂತು ಮನಬಿಚ್ಚಿ ಮಾತಾಡುವ ದೃಶ್ಯ ಅಪರೂಪವಾಗಿದ್ದರೆ ಅದಕ್ಕೆ ಬರಹಗಾರರ ಪಕ್ಷಪಾತವನ್ನು ಹುಡುಕಬೇಕಾಗಿಲ್ಲ. ಇಬ್ಬರೊಳಗೂ ಇದ್ದದ್ದು ಆಜ್‌ನ ಕೈ.

ಕರಾವಳಿಯ ಯಕ್ಷಗಾನ ಪ್ರೇಮಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಇವತ್ತು ಯಾವ ಪ್ರಸಂಗ' ಎಂದು ಕೇಳಿದ ಬಾಯಲ್ಲೇ 'ಕೌರವ ಯಾರದ್ದು' ಎಂದೂ ಅವರು ಕೇಳುತ್ತಾರೆ. ವೇಷಕ್ಕೆ ತೂಕ ಬರುವುದು ಅದರೊಳಗಿರುವವರಿಂದ ಎಂದು ಅವರಿಗೆ ಗೊತ್ತು. ಮಪೆಟ್ ಲೋಕದಲ್ಲೂ ಹಾಗೆಯೇ, ಒಂದು ವ್ಯತ್ಯಾಸದೊಂದಿಗೆ. ವೇಷಧಾರಿ ಬದಲಾದರೆ ಬಣ್ಣದ ಹಿಂದಿನ ಮುಖ ಬದಲಾದದ್ದು ಕಾಣುತ್ತದೆ. ಗೊಂಬೆಯ ಮುಖ ಹಾಗೆಯೇ ಇರುತ್ತದೆ. ಒಳಗಿನ ಜೀವ ಬದಲಾದದ್ದನ್ನು ದನಿಯ ಏರಿಳಿತದಲ್ಲಿ, ಕತ್ತು ಓರೆಯಾಗುವ ಬಗೆಯಲ್ಲಿ ಕಂಡುಹಿಡಿಯಬೇಕು. ಅಭಿಮಾನಿಗಳ ಕಿವಿ ಅಷ್ಟು ಸೂಕ್ಷ್ಮವಾದದ್ದು ಇದರಿಂದಲೇ.

1990ರ ನಂತರ

1990ರ ಮೇ 16ರಂದು ಹೆನ್ಸನ್ ತೀರಿಕೊಂಡರು. ವಯಸ್ಸು 53. ಎರಡು ವರ್ಷ ತುಂಬುವ ಮೊದಲೇ, 1992ರ ಜನವರಿಯಲ್ಲಿ, ರಿಚರ್ಡ್ ಹಂಟ್ ಕೂಡ ಹೋದರು. ಆಜ್ ಅಷ್ಟರಲ್ಲಿ ಸಿನಿಮಾ ನಿರ್ದೇಶಕನಾಗಿ ಹೆಸರು ಮಾಡಿದ್ದ, ಗೊಂಬೆಯಾಟಕ್ಕೆ ಸಿಗುತ್ತಿದ್ದ ಸಮಯ ಕಡಿಮೆಯಾಗುತ್ತಾ ಬಂದಿತ್ತು. ಮೂರು ಮುಖ್ಯ ಕೈಗಳಲ್ಲಿ ಎರಡು ಇಲ್ಲ, ಒಂದು ದೂರ.

ಕರ್ಮಿಟ್‌ನನ್ನು ಸ್ಟೀವ್ ವಿಟ್ಮೈರ್ ಕೈಗೆತ್ತಿಕೊಂಡರು. ಉಳಿದವರ ವಿಷಯದಲ್ಲಿ ಅಷ್ಟು ಬೇಗ ತೀರ್ಮಾನ ಆಗಲಿಲ್ಲ. ರೌಲ್ಫ್ ಹಲವು ವರ್ಷ ಮಾತಿಲ್ಲದೆ ಉಳಿದ. 1992ರ 'ದಿ ಮಪೆಟ್ ಕ್ರಿಸ್‌ಮಸ್ ಕ್ಯಾರಲ್' ಸಿನಿಮಾದಲ್ಲಿ ಅವನು ಪಿಯಾನೊ ಮುಂದೆ ಕೂತಿರುವುದು ಕಾಣುತ್ತದೆ, ದನಿ ಕೇಳುವುದಿಲ್ಲ. 1996ರ ಸುಮಾರಿಗೆ ಬಿಲ್ ಬರೆಟ್ಟಾ ಅವನಿಗೆ ಮತ್ತೆ ದನಿ ಕೊಟ್ಟರು. ಸ್ಕೂಟರ್ ಮತ್ತೆ ಮಾತಾಡಲು 1999ರವರೆಗೆ ಕಾಯಬೇಕಾಯಿತು. ಅವನಿಗೆ ಕಾಯಂ ಕೈಯಾಗಿ ಡೇವಿಡ್ ರಡ್‌ಮನ್ ಸಿಕ್ಕಿದ್ದು 2008ರಲ್ಲಿ. ಜೊತೆಗಾರ ಸತ್ತ ದುಃಖದಲ್ಲಿದ್ದವರು ಅವನ ಗೊಂಬೆಯನ್ನು ಮರುದಿನವೇ ಇನ್ನೊಬ್ಬರ ಕೈಗೆ ತೊಡಿಸುವುದು ಹೇಗೆ? ರೌಲ್ಫ್‌ನನ್ನು ಮೂಲೆಗುಂಪು ಮಾಡಿದರೆಂದು ದೂರುವಾಗ ಅಭಿಮಾನಿಗಳು ಇದನ್ನೂ ಎಣಿಸಬೇಕು. ಆ ಮೌನದಲ್ಲಿ ಅನಾದರ ಇರಲಿಲ್ಲ, ಶೋಕ ಇತ್ತು.

ಹಾಗಾದರೆ ರಂಗದ ನಡುವೆ ನಿಲ್ಲುವವರು ಯಾರು? ಹುಟ್ಟಿಸಿದ ಕೈ ಇನ್ನೂ ಜೊತೆಗಿದ್ದ ಪಾತ್ರಗಳೇ ಮುಂದೆ ಬಂದವು. ಗೋಲ್ಜ್ ಇದ್ದರು, ಆದ್ದರಿಂದ ಗಾನ್ಜೊ ಇದ್ದ. ವಿಟ್ಮೈರ್ ತಾವೇ ಬೆಳೆಸಿದ್ದ ಇಲಿ ರಿಜ್ಜೊ ಇದ್ದ. 'ಕ್ರಿಸ್‌ಮಸ್ ಕ್ಯಾರಲ್'ನಲ್ಲಿ ಗಾನ್ಜೊ ಸ್ವತಃ ಚಾರ್ಲ್ಸ್ ಡಿಕನ್ಸ್ ಆಗಿ ಕತೆ ಹೇಳುತ್ತಾನೆ, ರಿಜ್ಜೊ ಪಕ್ಕದಲ್ಲಿ ನಡುಗುತ್ತಾ ತಿನ್ನುತ್ತಾ ಸಾಗುತ್ತಾನೆ. ಕರ್ಮಿಟ್ ಬಡ ಗುಮಾಸ್ತನ ಪಾತ್ರದಲ್ಲಿ ಸ್ವಲ್ಪ ಹಿಂದೆ ನಿಂತ. ಮೈಕಲ್ ಕೇನ್ ಜಿಪುಣ ಸ್ಕ್ರೂಜ್ ಆಗಿ ಸಿನಿಮಾವನ್ನು ಹೊತ್ತರು. ಇಡೀ ಬಳಗದ ಅತ್ಯುತ್ತಮ ಕೆಲಸಗಳಲ್ಲಿ ಅದೂ ಒಂದೆಂದು ನನ್ನ ನಂಬಿಕೆ. 1996ರ 'ಟ್ರೆಷರ್ ಐಲೆಂಡ್'ನಲ್ಲೂ ಇದೇ ಜೋಡಿ ಮುಂದಿತ್ತು. 1999ರ 'ಮಪೆಟ್ಸ್ ಫ್ರಂ ಸ್ಪೇಸ್' ಪೂರ್ತಿ ಗಾನ್ಜೊನ ಕತೆ. ಆಗ ಅಭಿಮಾನಿಗಳು ಎರಡು ಪಾಲಾದರು. ಕರ್ಮಿಟ್‌ನ ಬಳಗ ಗಾನ್ಜೊನ ಬಳಗವಾಯಿತು ಎಂದು ಒಂದು ಗುಂಪು, ಈ ಜೋಡಿಯೇ ಬಳಗವನ್ನು ಬದುಕಿಸಿತು ಎಂದು ಇನ್ನೊಂದು. ಎರಡನೆಯ ಗುಂಪಿನ ಮಾತು ಸರಿಯೆಂದು ಇಂದು ಹೇಳಬಹುದು. ಆದರೆ ಮೊದಲ ಗುಂಪಿನ ಆತಂಕವೂ ಪೊಳ್ಳಾಗಿರಲಿಲ್ಲ. ತಾತ್ಕಾಲಿಕ ಏರ್ಪಾಡೊಂದು ಕಾಯಂ ಆಗಿಬಿಟ್ಟರೆ ಬಳಗದ ಸಮತೋಲ ತಪ್ಪುತ್ತದೆ ಎಂಬ ಭಯ ಅದು.

ಹೊಸಬರು ಬಂದಾಗ

1996ರಲ್ಲಿ 'ಮಪೆಟ್ಸ್ ಟುನೈಟ್' ಶುರುವಾದಾಗ ನಿರೂಪಕನ ಜಾಗಕ್ಕೆ ಕ್ಲಿಫರ್ಡ್ ಎಂಬವನನ್ನು ತಂದು ನಿಲ್ಲಿಸಿದರು. ಅದೇ ಕಾರ್ಯಕ್ರಮದ ಒಂದು ಮೂಲೆಯಲ್ಲಿ ಸೀಮೋರ್ ಎಂಬ ಆನೆ, ಪೆಪೆ ಎಂಬ ಸಿಗಡಿ ಜೋಡಿಯಾಗಿ ಬಂದರು. ಎರಡು ವರ್ಷದಲ್ಲಿ ಕಾರ್ಯಕ್ರಮ ಮುಗಿಯಿತು. ನಡುವಿನ ಜಾಗ ಸಿಕ್ಕಿದ್ದ ಕ್ಲಿಫರ್ಡ್ ಹಿನ್ನೆಲೆಗೆ ಸರಿದ, ಆನೆ ಕಾಣೆಯಾಯಿತು. ಯಾರೂ ಲೆಕ್ಕಕ್ಕಿಟ್ಟಿರದ ಸಿಗಡಿ ಬಿಲ್ ಬರೆಟ್ಟಾ ಕೈಯಲ್ಲಿ ಬೆಳೆದು ಬಳಗದ ಮೊದಲ ಸಾಲಿಗೆ ಬಂತು. 2021ರ 'ಮಪೆಟ್ಸ್ ಹಾಂಟೆಡ್ ಮ್ಯಾನ್ಶನ್'ನಲ್ಲಿ ಗಾನ್ಜೊ ಜೊತೆ ಕತೆಯನ್ನು ನಡೆಸುವುದು ಪೆಪೆಯೇ. ಜಾಗ ಕೊಟ್ಟ ಮಾತ್ರಕ್ಕೆ ಪಾತ್ರ ದೊಡ್ಡದಾಗುವುದಿಲ್ಲ, ಕೊಡದ ಮಾತ್ರಕ್ಕೆ ಚಿಕ್ಕದಾಗಿಯೂ ಉಳಿಯುವುದಿಲ್ಲ.

ಇದಕ್ಕಿಂತ ಬಿಸಿಯಾದ ವಾದ ಎದ್ದದ್ದು ವಾಲ್ಟರ್ ವಿಷಯಕ್ಕೆ. 2004ರಲ್ಲಿ ಮಪೆಟ್ಸ್ ಡಿಸ್ನಿಯ ಪಾಲಾದ ಮೇಲೆ ಬಂದ ದೊಡ್ಡ ಸಿನಿಮಾ 2011ರ 'ದಿ ಮಪೆಟ್ಸ್'. ಮಪೆಟ್‌ಗಳನ್ನು ಟಿವಿಯಲ್ಲಿ ನೋಡಿಯೇ ಬೆಳೆದ ಅಭಿಮಾನಿ ಹುಡುಗ ವಾಲ್ಟರ್. ಅವನೂ ಒಂದು ಗೊಂಬೆ. ಚದುರಿಹೋದ ಬಳಗವನ್ನು ಅವನು ಒಗ್ಗೂಡಿಸುತ್ತಾನೆ. ಆ ಸಿನಿಮಾದ ಹಾಡೊಂದಕ್ಕೆ ಆಸ್ಕರ್ ಬಂತು, ಹಾಡಿದವರಲ್ಲಿ ವಾಲ್ಟರ್ ಒಬ್ಬ. ಆದರೂ ಹಳಬರು ಮುನಿಸಿಕೊಂಡರು: ಇಷ್ಟು ವರ್ಷ ಕಾದ ಮೇಲೆ ಬಂದ ಸಿನಿಮಾದಲ್ಲಿ ಫಾಜಿ, ಗಾನ್ಜೊ, ರೌಲ್ಫ್ ಪಾಲಿಗೆ ಸಿಗಬೇಕಾದ ಹೊತ್ತನ್ನು ಹೊಸಬ ತೆಗೆದುಕೊಂಡ. ಇನ್ನೊಂದು ಕಡೆಯವರ ಉತ್ತರ: ಮಪೆಟ್ ಹೆಸರನ್ನೇ ಕೇಳಿರದ ಮಕ್ಕಳನ್ನು ಕೈಹಿಡಿದು ಒಳಗೆ ಕರೆತರಲು ಅವನು ಬೇಕಿತ್ತು. ಇಬ್ಬರ ಮಾತಿನಲ್ಲೂ ಸತ್ಯವಿದೆ. ವಾಲ್ಟರ್ ಬಾಗಿಲು ತೆರೆದ. ಅಷ್ಟರಲ್ಲಿ ಅವನ ಕೆಲಸವೂ ಮುಗಿದಿತ್ತು. 2015ರ ಧಾರಾವಾಹಿಯಲ್ಲಿ ಅವನಿಗೆ ಹೇಳಿಕೊಳ್ಳುವಂಥ ಜಾಗವೇ ಉಳಿಯಲಿಲ್ಲ. ಬಳಗದೊಳಗೆ ಅವನಿಗೊಬ್ಬ ಜೊತೆಗಾರನನ್ನು ಯಾರೂ ಹುಡುಕಿಕೊಟ್ಟಿರಲಿಲ್ಲ.

ಮಕ್ಕಳ 'ಸೆಸಮಿ ಸ್ಟ್ರೀಟ್' ಹೆನ್ಸನ್ ಗೊಂಬೆಗಳ ಇನ್ನೊಂದು ಮನೆ. ಅಲ್ಲಿ ಇದೇ ಜಗಳ ಎಲ್ಮೊ ಹೆಸರಿನಲ್ಲಿ ನಡೆಯಿತು. ಆ ಕೆಂಪು ಗೊಂಬೆ ಒಂದಷ್ಟು ಕಾಲ ರಿಚರ್ಡ್ ಹಂಟ್ ಬಳಿ ಇತ್ತು. ಅವರಿಗೆ ಅದು ಒಗ್ಗಲಿಲ್ಲ. 1980ರ ದಶಕದ ನಡುವಿನಲ್ಲಿ ಒಂದು ದಿನ ಅವರು ಅದನ್ನು ಕೆವಿನ್ ಕ್ಲ್ಯಾಶ್ ಕಡೆಗೆ ಎಸೆದರು. ಕ್ಲ್ಯಾಶ್ ಕೊಟ್ಟ ಮಗುವಿನ ದನಿಗೆ ಮಕ್ಕಳು ಮನಸೋತರು. 1996ರಲ್ಲಿ ಎಲ್ಮೊ ಆಟಿಕೆಗಾಗಿ ಅಮೆರಿಕದ ಅಂಗಡಿಗಳಲ್ಲಿ ನೂಕುನುಗ್ಗಲಾಯಿತು, 1998ರಿಂದ ಕಾರ್ಯಕ್ರಮದ ಕೊನೆಯ ಭಾಗವೇ ಅವನದಾಯಿತು. ಅಲ್ಲಿನ ಹಳೆಯ ಗೊಂಬೆ ಗ್ರೋವರ್‌ನನ್ನು ನೋಡುತ್ತಾ ಬೆಳೆದವರಿಗೆ ಅದು ಇವತ್ತಿಗೂ ನುಂಗಲಾರದ ತುತ್ತು. ಆದರೆ ಮೂರು ವರ್ಷದ ಮಗು ಗ್ರೋವರ್‌ನ ಹಿರಿತನವನ್ನು ನೋಡಿ ಪ್ರೀತಿಸುವುದಿಲ್ಲ. ಅಲ್ಲಿ ಪ್ರೇಕ್ಷಕರೇ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಮಪೆಟ್ ಬಳಗದಲ್ಲಿ ಹಾಗಲ್ಲ. ಅಜ್ಜನೂ ಮೊಮ್ಮಗಳೂ ಒಂದೇ ಸೋಫಾದಲ್ಲಿ ಕೂತು ನೋಡಬೇಕೆಂದೇ ಅದನ್ನು ಕಟ್ಟಿದ್ದು. ಆದ್ದರಿಂದ ಒಬ್ಬನೇ ತಾರೆಯ ದಾರಿ ಅಲ್ಲಿ ಫಲಿಸಿದಂತೆ ಇಲ್ಲಿ ಫಲಿಸದು.

ಪಿಗ್ಗಿ ಒಬ್ಬಳೇ ಏಕೆ?

ಪ್ರಾಮುಖ್ಯದ ವಾದಗಳಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವುದು ಹೆಣ್ಣು ಪಾತ್ರಗಳದ್ದು. ಮುಂದಿನ ಸಾಲಿನಲ್ಲಿ ಪಿಗ್ಗಿ ಒಬ್ಬಳೇ. ಗಿಟಾರ್ ಹಿಡಿದ ಜ್ಯಾನಿಸ್ ವಾದ್ಯವೃಂದದೊಳಗೆ ಒಬ್ಬಳು, ಗಾನ್ಜೊನ ಪ್ರೇಯಸಿ ಕಮಿಲಾ ಮಾತು ಬಾರದ ಕೋಳಿ. ಈ ಮೂವರನ್ನೂ ಹೆಚ್ಚು ಕಾಲ ಆಡಿಸಿದವರು ಗಂಡಸರು. ಮಹಿಳಾ ಕಲಾವಿದರು ಇರಲಿಲ್ಲವೆಂದಲ್ಲ. ಮೊದಲ ಸರಣಿಯಲ್ಲಿ ಎರೆನ್ ಓಜ್ಕರ್ ಇದ್ದರು, ಆಮೇಲೆ ಲೂಯಿಸ್ ಗೋಲ್ಡ್ ಬಂದರು. ಪಿಗ್ಗಿಗೆ ಪೈಪೋಟಿ ಕೊಡುವ ಎಳೆಯ ಹಂದಿ ಆ್ಯನಿ ಸೂ ಲೂಯಿಸ್ ಗೋಲ್ಡ್‌ರ ಪಾತ್ರ. ಅದಕ್ಕೆ ಬೇರೂರುವಷ್ಟು ಕಾಲ ಸಿಗಲಿಲ್ಲ.

1984ರಲ್ಲಿ ಎಳೆಯ ಮಪೆಟ್‌ಗಳ ಕಾರ್ಟೂನ್ ಮಾಡಲು ಹೊರಟಾಗ ಕೊರತೆ ಎದ್ದು ಕಂಡಿತು. ಇಡೀ ಶಿಶುವಿಹಾರದಲ್ಲಿ ಹೆಣ್ಣುಮಗು ಒಂದೇ. ಹಾಗಾಗಿ ಸ್ಕೂಟರ್‌ಗೆ ಸ್ಕೀಟರ್ ಎಂಬ ಅವಳಿ ತಂಗಿಯನ್ನು ಹುಟ್ಟಿಸಿದರು: ಜಿಗಿಯುವ, ಹತ್ತುವ, ಯಾರಿಗೂ ಅಂಜದ ಹುಡುಗಿ. ಕಾರ್ಟೂನ್ 1991ರವರೆಗೆ ಓಡಿತು, ಒಂದು ತಲೆಮಾರಿನ ಮಕ್ಕಳಿಗೆ ಸ್ಕೀಟರ್ ಗೆಳತಿಯಾದಳು. ಬೆಳೆದ ಸ್ಕೀಟರ್ ಮಾತ್ರ ಒಂದು ಸಿನಿಮಾದಲ್ಲೂ ಬರಲಿಲ್ಲ. ಅಣ್ಣ ರಂಗದ ಹಿಂದೆ ಓಡಾಡಿಕೊಂಡೇ ಇದ್ದಾನೆ, ತಂಗಿಯ ಸುದ್ದಿಯೇ ಇಲ್ಲ. ಅವಳನ್ನು ಕರೆತನ್ನಿ ಎಂದು ಅಭಿಮಾನಿಗಳು ಕೇಳುವುದನ್ನು ಹಳೆಯ ನೆನಪಿನ ಹಪಹಪಿ ಎಂದು ತಳ್ಳಿಹಾಕಲಾಗದು. ಇಡೀ ಹೆಣ್ಣುಕುಲದ ನಗೆಯನ್ನು ಪಿಗ್ಗಿ ಒಬ್ಬಳೇ ಹೊರಬೇಕಾದಾಗ ಅವಳ ಸಿಟ್ಟೂ ಗತ್ತೂ ಹೆಣ್ಣಿನ ಏಕೈಕ ಮಾದರಿಯಾಗಿಬಿಡುತ್ತವೆ. ಪಕ್ಕದಲ್ಲಿ ಇನ್ನಿಬ್ಬರು ಬೇರೆ ಬೇರೆ ಸ್ವಭಾವದವರಿದ್ದರೆ ಪಿಗ್ಗಿಯ ಆಟಕ್ಕೂ ಹೊಸ ಬಲ ಬರುತ್ತದೆ.

ನಿಮಿಷ ಎಣಿಸಿದರೆ ಸಾಲದು

ಅಭಿಮಾನಿಗಳ ವಾದ ದಾರಿ ತಪ್ಪುವುದು ಅವರು ಗಡಿಯಾರ ಹಿಡಿದು ಕೂತಾಗ. ಬನ್ಸೆನ್ ಎಂಬ ವಿಜ್ಞಾನಿಯನ್ನು ನೋಡಿ. ಮೊದಲ ಸರಣಿಯಲ್ಲಿ ಅವನು ತನ್ನ ಆವಿಷ್ಕಾರಗಳನ್ನು ಒಬ್ಬನೇ ನಿಂತು ವಿವರಿಸುತ್ತಾನೆ. ಎರಡನೆಯ ಸರಣಿಯಲ್ಲಿ ಅವನಿಗೆ ಬೀಕರ್ ಎಂಬ ಸಹಾಯಕ ಬಂದ. ಬೀಕರ್‌ಗೆ 'ಮೀ ಮೀ' ಬಿಟ್ಟರೆ ಮಾತಿಲ್ಲ. ಪ್ರಯೋಗವೆಲ್ಲ ಅವನ ಮೈಮೇಲೆ. ಬನ್ಸೆನ್‌ನ ಮಾತಿನ ಪಾಲು ಹಂಚಿಹೋಯಿತು, ಆದರೂ ಪಾತ್ರ ಎರಡು ಪಟ್ಟು ಬೆಳೆಯಿತು. ತನ್ನ ಯಂತ್ರ ಯಾರನ್ನು ಸುಡುತ್ತಿದೆ ಎಂಬುದನ್ನೇ ಕಾಣದವನ ತಣ್ಣನೆಯ ದನಿ, ಪಕ್ಕದಲ್ಲಿ ಸುಟ್ಟುಕೊಳ್ಳುವವನ ಚೀತ್ಕಾರ: ಒಂದಿಲ್ಲದೆ ಇನ್ನೊಂದಕ್ಕೆ ಅರ್ಥವಿಲ್ಲ. ಬಾಕ್ಸಿನ ಮುದುಕರು ಒಂದು ಕಂತಿನಲ್ಲಿ ಬಾಯಿ ಬಿಡುವುದು ಕೆಲವೇ ಸಲ. ಕುರ್ಚಿ ಬಿಟ್ಟೇಳುವುದೂ ಅಪರೂಪ. ಅವರಿಲ್ಲದ ಮಪೆಟ್ ಶೋ ಊಹೆಗೆ ಬಾರದು. ಕರ್ಮಿಟ್‌ನ ಪುಟ್ಟ ಅಳಿಯ ರಾಬಿನ್ ಮೆಟ್ಟಿಲ ಮೇಲೆ ಕೂತು ಒಂದು ಹಾಡು ಹಾಡಿದ; ಜೆರ್ರಿ ನೆಲ್ಸನ್ ದನಿಯ ಆ ಹಾಡು 1977ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಏಳನೆಯ ಸ್ಥಾನಕ್ಕೇರಿತು. ಒಂದು ಹಾಡಿನಷ್ಟು ಹೊತ್ತು ಸಾಕಾಯಿತು.

ಪಾತ್ರವೊಂದು ದೊಡ್ಡದಾಗುವುದು ಅದಕ್ಕೆ ಸರಿಯಾದ ಎದುರಾಳಿ ಸಿಕ್ಕಾಗ, ಒಂದೇ ಕೈ ಅದರೊಳಗೆ ಬಹುಕಾಲ ನೆಲೆಸಿದಾಗ, ಸೋತರೂ ಮತ್ತೆ ಬರಲು ಅವಕಾಶವಿದ್ದಾಗ. ಕರ್ಮಿಟ್ ಕೂಡ ಹೀಗೆಯೇ ದೊಡ್ಡವನಾದದ್ದು. ಅವನ ಹೆಚ್ಚಿನ ಕೆಲಸ ಕೇಳಿಸಿಕೊಳ್ಳುವುದು, ತಲೆ ಚಚ್ಚಿಕೊಳ್ಳುವುದು, ಕುಸಿಯುತ್ತಿರುವ ಪ್ರದರ್ಶನವನ್ನು ಹೇಗೋ ನಿಲ್ಲಿಸುವುದು. ಸುತ್ತಲಿನವರು ಹುಚ್ಚಾದಷ್ಟೂ ಅವನ ಸಹನೆಗೆ ಬೆಲೆ. 1979ರ ಮೊದಲ ಮಪೆಟ್ ಸಿನಿಮಾದ ಶುರುವಿನಲ್ಲಿ ಅವನು ಜೌಗಿನ ನಡುವೆ ಮರದ ದಿಮ್ಮಿಯ ಮೇಲೆ ಒಂಟಿಯಾಗಿ ಕೂತು ಬ್ಯಾಂಜೊ ನುಡಿಸುತ್ತಾನೆ. ಆಗ ಹೆನ್ಸನ್ ನೀರಿನಡಿಯ ಲೋಹದ ತೊಟ್ಟಿಯಲ್ಲಿ ಮುದುರಿ ಕೂತು, ರಬ್ಬರ್ ತೋಳಿನ ಮೂಲಕ ಕೈ ಮೇಲೆ ಚಾಚಿದ್ದರು. ಅದೇ ಸಿನಿಮಾದ ಕೊನೆಯ ದೃಶ್ಯದಲ್ಲಿ 250ಕ್ಕೂ ಹೆಚ್ಚು ಗೊಂಬೆಗಳು ಒಟ್ಟಿಗೆ ಹಾಡುತ್ತವೆ. ಕೆಳಗಿನ ಹಳ್ಳದಲ್ಲಿ ನಿಂತು ಅವನ್ನು ಎತ್ತಿ ಹಿಡಿದವರು 137 ಮಂದಿ. ಒಬ್ಬನಿಂದ ಶುರುವಾದ ಕತೆ ಎಲ್ಲರೂ ಸೇರಿದಾಗಲೇ ಮುಗಿಯಬೇಕೆಂದು ಹೆನ್ಸನ್ ತಂಡಕ್ಕೆ ಸ್ಪಷ್ಟವಿತ್ತು.

ಈಗ ಬಳಗ ಡಿಸ್ನಿಯ ಕೈಯಲ್ಲಿದೆ. 2023ರಲ್ಲಿ 'ದಿ ಮಪೆಟ್ಸ್ ಮೇಹೆಮ್' ಸರಣಿ, ಎಂದೂ ಹಿಂದೆಯೇ ನಿಂತು ನುಡಿಸುತ್ತಿದ್ದ ವಾದ್ಯವೃಂದವನ್ನು ಮುಂದಕ್ಕೆ ತಂದಿತು. ಡಾ. ಟೀತ್, ಫ್ಲಾಯ್ಡ್, ಜ್ಯಾನಿಸ್, ಜೂಟ್, ಲಿಪ್ಸ್, ಅನಿಮಲ್ ಎಲ್ಲರಿಗೂ ಒಂದೊಂದು ಒಳಬದುಕು ಸಿಕ್ಕಿತು. ಒಂದೇ ಸರಣಿಗೆ ಅದನ್ನು ನಿಲ್ಲಿಸಿದ್ದು ನಷ್ಟವೇ ಸರಿ. ಆದರೆ ಪಕ್ಕದ ಸಾಲಿನಲ್ಲಿ ಇನ್ನೂ ಎಷ್ಟು ಜೀವ ಇದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

'ನನ್ನ ಫಾಜಿಗೆ ಇನ್ನೈದು ನಿಮಿಷ ಕೊಡಿ' ಎಂಬ ಬೇಡಿಕೆಯನ್ನು ಅಭಿಮಾನಿಗಳು ಇನ್ನಷ್ಟು ದೊಡ್ಡದು ಮಾಡಬೇಕು. ಮಾರಾಟವಾಗುವ ನಾಲ್ಕೈದು ಮುಖಗಳನ್ನೇ ಪೋಸ್ಟರಿನಲ್ಲಿ ಸಾಲಾಗಿ ನಿಲ್ಲಿಸಿ, ಉಳಿದವರನ್ನು ಗುಂಪಿನ ದೃಶ್ಯಕ್ಕೆ ಮೀಸಲಿಟ್ಟರೆ ಮುಂದಿನ ಪಿಗ್ಗಿ ಎಲ್ಲಿಂದ ಬರಬೇಕು? 1976ರಲ್ಲಿ ಯಾರೋ ಕೂತು ಮುಖ್ಯ ಪಾತ್ರಗಳ ಪಟ್ಟಿಗೆ ಮುದ್ರೆ ಒತ್ತಿದ್ದರೆ ಅದರಲ್ಲಿ ಅವಳ ಹೆಸರು ಇರುತ್ತಿರಲಿಲ್ಲ. ಹಾಡು, ಪ್ರಹಸನ, ರಂಗದ ಹಿಂದಿನ ಗಲಾಟೆಗಳನ್ನು ಬೆರೆಸಿದ ಹಳೆಯ ಮಪೆಟ್ ಶೋದ ಕಟ್ಟಡವೇ ಸಣ್ಣ ಪಾತ್ರವೊಂದು ಎರಡು ನಿಮಿಷ ಬಂದು ತನ್ನ ಅದೃಷ್ಟ ಪರೀಕ್ಷಿಸಲು ಜಾಗ ಬಿಡುತ್ತಿತ್ತು. ಬಿದ್ದರೆ ಯಾರಿಗೂ ನಷ್ಟವಿಲ್ಲ, ಗೆದ್ದರೆ ಮುಂದಿನ ವಾರ ಮತ್ತೆ ಬರಬಹುದು. ಆ ಕಟ್ಟಡವನ್ನು ಮತ್ತೆ ಎತ್ತಿ ನಿಲ್ಲಿಸಿ, ಗೊಂಬೆಯೊಳಗಿನ ಕಲಾವಿದರಿಗೆ ಕರಾಟೆ ಏಟಿನಂಥ ಹುಚ್ಚಾಟಕ್ಕೆ ಸ್ವಾತಂತ್ರ್ಯ ಕೊಡಿ, ಸ್ಕೀಟರ್‌ಗೂ ಒಂದು ಗೊಂಬೆ ಹೊಲಿಯಿರಿ. ಅಭಿಮಾನಿಗಳು ಒಟ್ಟಾಗಿ ಕೇಳಬೇಕಾದ್ದು ಇಷ್ಟು. ಅದು ಸಿಕ್ಕರೆ ಯಾರು ದೊಡ್ಡವರು ಎಂಬ ಜಗಳ ನಿಲ್ಲುವುದಿಲ್ಲ. ಇನ್ನೂ ಹತ್ತು ಹೆಸರುಗಳೊಂದಿಗೆ ಜೋರಾಗುತ್ತದೆ. ಹಾಗೆ ಜೋರಾಗುವುದೇ ಈ ಬಳಗ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ.